ಬುಟ್ಟಿ ಇಳಿಸಿ ಎಂದವರು

ಅವರ ದನಿ ಹೊಟ್ಟೆಯಿಂದ ಹೊರಟು, ಮೂಗಿನಲ್ಲಿ ಒಂದು ಗಳಿಗೆ ಕೂತು ದಣಿವಾರಿಸಿಕೊಂಡು, ಆಮೇಲೆ ಬಾಯಿಗೆ ಬರುತ್ತಿತ್ತು. ಇದನ್ನು ಅಧ್ಯಯನ ಮಾಡಿಯೇ ಹೇಳುತ್ತಿದ್ದೇನೆ. ಹೊಸನಗರ ತಾಲ್ಲೂಕಿನಲ್ಲಿ ಪಿಯುಸಿಯನ್ನು ನನ್ನಷ್ಟು ಸಲ ಓದಿದವರು ಇನ್ನೊಬ್ಬರಿಲ್ಲ. ಆದರೆ ಪುಸ್ತಕಕ್ಕಿಂತ ಹೆಚ್ಚು ಗಮನವಿಟ್ಟು ನಾನು ಓದಿದ್ದು ಜನರ ಗಂಟಲನ್ನು. ಬಸ್ಸಿನ ಕಂಡಕ್ಟರು, ದನದ ಡಾಕ್ಟರು, ನಮ್ಮ ಅಪ್ಪ, ಅಪ್ಪನಿಂದ ಬೈಸಿಕೊಳ್ಳುವ ನಾನು, ಎಲ್ಲರೂ ನನ್ನ ಬಾಯಲ್ಲಿ ಬಾಡಿಗೆಗೆ ಇದ್ದರು. ಗ್ರಾಮಸೇವಕರು ಮಾತ್ರ ಅಲ್ಲಿ ಸ್ವಂತ ಮನೆ ಕಟ್ಟಿಕೊಂಡಿದ್ದರು.

ಅವರ ಹೆಸರು ಬರೆಯುವುದಿಲ್ಲ. ಊರಿನಲ್ಲಿ ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಬೇಸಾಯದ ಹೊಸ ವಿಷಯ ತಿಳಿಸಲಿಕ್ಕೆ ಸರ್ಕಾರ ಹಳ್ಳಿಗಳಿಗೆ ಕಳಿಸುತ್ತಿದ್ದ ನೌಕರರಿಗೆ ಆಗ ಗ್ರಾಮಸೇವಕ ಎಂದು ಹೆಸರು. ನಮ್ಮ ಊರಲ್ಲಿ ಅದು ಸವೆದು 'ಸೇವಕರು' ಆಗಿತ್ತು. ಮನೆ ಸಾಗರದ ಕಡೆ. ಕೆಲಸ ನಮ್ಮ ಕಡೆ. ನಡುವೆ ಒಂದು ಸೈಕಲ್ಲು. ಆ ಸೈಕಲ್ಲಿಗೆ ಬೆಲ್ಲು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಸವಾರರು ದಾರಿಯುದ್ದಕ್ಕೂ ಮಾತಾಡುತ್ತಲೇ ಬರುತ್ತಿದ್ದರು. ಜೊತೆಗೆ ಯಾರೂ ಇಲ್ಲದಿದ್ದರೆ ಗದ್ದೆಗೆ ಹೇಳುತ್ತಿದ್ದರು.

ಅವರನ್ನು ನಾನು ಮೊದಲು ಕಂಡದ್ದು ಕೆರೆ ಏರಿಯ ಮೇಲೆ. ನಾನಿನ್ನೂ ಚಡ್ಡಿ ಹಾಕುತ್ತಿದ್ದ ಕಾಲ. ಊರಿಗೆಲ್ಲ ಗೇಣಿ ಜಮೀನು ಸ್ವಂತದ್ದಾದ ವರ್ಷ.

ಅದಕ್ಕೆ ಮೊದಲು, ದಣಿಗಳ ಕಾಲದಲ್ಲಿ, ಶಿವರಾತ್ರಿ ಕಳೆದು ಕೆರೆ ಒಣಗಿದ ಕೂಡಲೇ ಒಕ್ಕಲುಗಳೆಲ್ಲ ಇಳಿದು ಹೂಳು ಹೊರಬೇಕಿತ್ತು. ಮೊದಲ ಬುಟ್ಟಿ ದಣಿಗಳ ಗದ್ದೆಗೆ. ಅವರ ಗದ್ದೆಗಳೆಲ್ಲ ಕಪ್ಪಾದ ಮೇಲೆ ಕೆರೆಗೆ ಹತ್ತಿರವಿದ್ದ ಒಕ್ಕಲಿನದಕ್ಕೆ, ಆಮೇಲೆ ಅದರ ಕೆಳಗಿನದಕ್ಕೆ. ಬಯಲಿನ ತುದಿಯಲ್ಲಿದ್ದ ಚೌಡಮ್ಮನ ಗದ್ದೆಯ ಸರದಿ ಬರುವಷ್ಟರಲ್ಲಿ ಒಂದೋ ಹೂಳು ಮುಗಿದಿರುತ್ತಿತ್ತು, ಇಲ್ಲವೇ ಮಳೆ ಬಂದಿರುತ್ತಿತ್ತು. ಹಾಗಂತ ಅವಳು ಹೊರುವುದೇನೂ ಕಡಿಮೆಯಾಗುತ್ತಿರಲಿಲ್ಲ. ಗಂಡ ಸತ್ತವಳು, ಎರಡಾಳಿನ ಕೆಲಸ ಒಬ್ಬಳೇ ಮಾಡಬೇಕಿತ್ತು.

ಜಮೀನು ಕೈಗೆ ಬಂದ ಬೇಸಿಗೆಯಲ್ಲಿ ಸೇವಕರು ಆ ಏರಿಯ ಮೇಲೆ ನಿಂತು, ಪಕ್ಕದಲ್ಲಿ ಸಾಗರದ ರೈಲು ಸ್ಟೇಷನ್ನಿನಿಂದ ಬಂದ ಗೊಬ್ಬರದ ಚೀಲವೊಂದನ್ನು ಮದುಮಗನ ಹಾಗೆ ಕೂರಿಸಿಕೊಂಡು, ಕೈ ಎತ್ತಿ ಭಾಷಣ ಮಾಡಿದರು.

"ಅಮ್ಮಂದಿರೇ, ಅಣ್ಣಂದಿರೇ! ಎಷ್ಟು ತಲೆಮಾರು ಹೊತ್ತಿರಿ? ಇಳಿಸಿ! ಬುಟ್ಟಿ ಇಳಿಸಿ! ಈ ಒಂದು ಚೀಲದಲ್ಲಿ ನಿಮ್ಮ ನೂರು ಬುಟ್ಟಿ ಇದೆ. ತಲೆ ಇರೋದು ಎತ್ತಿ ನಡೆಯೋಕೆ, ಕಂಡವರ ಮಣ್ಣು ಹೊರೋಕಲ್ಲ!"

ಸರ್ಕಾರಿ ನೌಕರನೊಬ್ಬ ಆ ಜನಕ್ಕೆ ಹಾಗೆ ಹೇಳಿದ್ದು ಅದೇ ಮೊದಲು. ಚೌಡಮ್ಮ ತಲೆಯ ಮೇಲೆ ಬುಟ್ಟಿಯಡಿ ಇಡುವ ಬಟ್ಟೆಯ ಸಿಂಬಿಯನ್ನು ತೆಗೆದು ಒಣಕೆರೆಯೊಳಗೆ ಬಿಸಾಡಿದಳು. ಹಿಂದೆಯೇ ಬೇರೆಯವರೂ. ಅಪ್ಪ ಅಳುತ್ತಿದ್ದ. ನಾನು ಅಪ್ಪ ಅಳುವ ಕ್ರಮವನ್ನು ಗಮನಿಸುತ್ತಿದ್ದೆ. ಮುಂದೆ ಉಪಯೋಗಕ್ಕೆ ಬಂತು.

ಆ ಭಾಷಣವನ್ನು ನಾನು ಮದುವೆಮನೆಗಳಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ, ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬಾರದ ಹೊತ್ತಿನಲ್ಲಿ, ಎಲ್ಲೆಲ್ಲೂ ಮಾಡಿದೆ. 'ಇಳಿಸಿ' ಎಂಬಲ್ಲಿ ಅವರ ದನಿ ಒಂದು ಮೆಟ್ಟಿಲು ಜಾರುತ್ತಿತ್ತು. ನಾನು ಎರಡು ಮೆಟ್ಟಿಲು ಜಾರಿಸುತ್ತಿದ್ದೆ. ಕೆಲವು ವರ್ಷಗಳಾದ ಮೇಲೆ ಜನ ನನ್ನದೇ ಅಸಲು ಎಂದುಕೊಂಡರು. ಸೇವಕರೇ ಒಮ್ಮೆ ನನ್ನದನ್ನು ಕೇಳಿ, "ಇವ ನನಗಿಂತ ಚೆನ್ನಾಗಿ ಮಾಡ್ತಾನಪ್ಪ, ಇವನಿಗೇ ಸಂಬಳ ಕೊಟ್ಟುಬಿಡಿ" ಎಂದರು. ಸಂಬಳ ಬರಲಿಲ್ಲ. ಇಲಾಖೆಯವರು ತಮಾಷೆಯನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳುವವರಲ್ಲ.

ಮೊದಮೊದಲು ಚೀಲ ಅವರ ಮಾತು ಉಳಿಸಿತು. ಗದ್ದೆ ಕಣ್ಣು ಕುಕ್ಕುವ ಹಾಗೆ ಹಸಿರಾಯಿತು. ಆಮೇಲೆ ಅದೇ ಹಸಿರಿಗೆ ಚೀಲ ಹೆಚ್ಚು ಬೇಕಾಯಿತು. ದನದ ಹಟ್ಟಿಗೆ ಸೊಪ್ಪು ಹಾಸುವವರು ಕಡಿಮೆಯಾದರು. ಗೊಬ್ಬರಗುಂಡಿಯಲ್ಲಿ ಮಕ್ಕಳು ಗೋಲಿ ಆಡಿದರು. ಹೂಳು ತುಂಬಿ ಕೆರೆಯ ತಳ ವರ್ಷಕ್ಕಿಷ್ಟು ಅಂತ ಮೇಲೆ ಬರುತ್ತಾ, ಕೊನೆಗೆ ಸಂಕ್ರಾಂತಿಗೆಲ್ಲ ಅದರೊಳಗೆ ದನ ಮೇಯುವ ಹಾಗಾಯಿತು. ಎರಡನೇ ಬೆಳೆ ಬಯಲಿನ ತುದಿಯಿಂದ ಒಂದೊಂದೇ ಗದ್ದೆ ಬಿಟ್ಟುಕೊಡುತ್ತಾ ಬಂತು. ಮೊದಲು ಬಿಟ್ಟದ್ದು ಚೌಡಮ್ಮನದನ್ನು.

ಒಂದು ಬೇಸಿಗೆಯ ಮಧ್ಯಾಹ್ನ ಸೇವಕರು ನಮ್ಮ ಜಗುಲಿಗೆ ಬಂದು, ಕೂರದೆ, ಅಂಗಿಯ ಕಿಸೆಯಿಂದ ಒಂದು ಮಣ್ಣಿನ ಹೆಂಟೆ ತೆಗೆದು ಅಪ್ಪನ ಮುಂದೆ ಇಟ್ಟರು. ಚೌಡಮ್ಮನ ಗದ್ದೆಯದು. ಅಪ್ಪ ಬೆರಳಲ್ಲಿ ಒತ್ತಿದ, ಒಡೆಯಲಿಲ್ಲ. ಅಂಗೈಯಲ್ಲಿ ಒತ್ತಿದ. ಕಡೆಗೆ ನೆಲಕ್ಕೆ ಕುಟ್ಟಿದ.

"ಕಲ್ಲಾಗದೆ ಮಾರಾಯ್ರೆ," ಎಂದ ಅಪ್ಪ.

"ಇದು ಆನು ಮಾಡಿದ್ದು," ಎಂದರು ಸೇವಕರು.

ಅವರು ಯಾವಾಗಲೂ 'ಇಲಾಖೆಯಿಂದ ನಾವು' ಎಂದು ಮಾತಾಡುವವರು. ನಾನು ಎನ್ನಲಿಕ್ಕೆ 'ಆನು' ಎನ್ನುವ ಅವರ ಮನೆಯ ಮಾತು ಅವರ ಬಾಯಿಂದ ನಾನು ಕೇಳಿದ್ದು ಅವತ್ತೇ. ಅದನ್ನು ಅಣಕಿಸಲಿಕ್ಕೆ ಆಮೇಲೆ ಪ್ರಯತ್ನಪಟ್ಟೆ, ಆಗಲಿಲ್ಲ.

ಅಲ್ಲಿಂದ ಅವರು ಬೇರೆ ಮನುಷ್ಯರಾದರು. ರಸ್ತೆಯಲ್ಲಿ ಸಗಣಿ ಕಂಡರೆ ಸೈಕಲ್ಲಿಂದ ಇಳಿದು, ಎಲೆಯಲ್ಲಿ ಎತ್ತಿಕೊಂಡು, ಹತ್ತಿರದ ಗುಂಡಿಗೆ ಹಾಕಿಯೇ ಮುಂದೆ ಹೋಗುತ್ತಿದ್ದರು. ಪೇಟೆಗೆ ಭತ್ತ ಹೇರಿಕೊಂಡು ಹೋದ ಗಾಡಿ ಖಾಲಿ ಬಂದರೆ ಅಡ್ಡ ನಿಂತು ಕೇಳುತ್ತಿದ್ದರು: "ನಿಮ್ಮ ಗದ್ದೆ ಇಷ್ಟು ಕೊಟ್ಟು ಕಳಿಸ್ತಲ್ಲ, ಪೇಟೆಯವರು ತಿರುಗಿ ಎಂತ ಕಳಿಸಿದ್ರು?" ಮಿಲ್ಲಿನ ಬೂದಿ, ಮೀನು ಮಾರ್ಕೆಟ್ಟಿನ ಕಸ, ಸಂತೆ ಮುಗಿದ ಮೇಲಿನ ಸೊಪ್ಪು, ಏನಾದರೂ ಸರಿ, ಊರಿಂದ ಹೋದದ್ದರಲ್ಲಿ ಒಂದು ಪಾಲು ಊರಿಗೆ ಬರಬೇಕು. ಒಮ್ಮೆ ಸಾಗರದಿಂದ ಬರುವ ಬಸ್ಸಿನಲ್ಲಿ ಅವರ ಕಾಲ ಬಳಿ ದೊಡ್ಡ ಮೂಟೆ ಇತ್ತು. ಕಂಡಕ್ಟರು ಕಾಲಲ್ಲಿ ಒತ್ತಿ ನೋಡಿದ. ಮೆತ್ತಗಿತ್ತು.

"ಎಂತ ಸಾರ್ ಇದು, ಹತ್ತಿಯಾ?"

"ಸಾಗರ ಪೇಟೆ ದೊಡ್ಡ ಮನುಷ್ಯರ ತಲೆ."

ಬಿಚ್ಚಿದರೆ ಕ್ಷೌರದಂಗಡಿಯ ಕೂದಲು. ತೆಂಗಿನ ಬುಡಕ್ಕೆ ಹಾಕಲಿಕ್ಕೆ. ಕಂಡಕ್ಟರು ಆ ಮೂಟೆಗೂ ಟಿಕೆಟ್ ಹರಿದ. ಅಷ್ಟು ಜನ ಸೀಟಿಲ್ಲದೆ ಬರುತ್ತಿದ್ದಾರಲ್ಲ ಅಂತ ಅವನ ಲೆಕ್ಕ.

ನಗುತ್ತಾ ಹೇಳುತ್ತೇನೆ, ಆದರೆ ಇದರಲ್ಲಿ ಅವರು ಸೋತರು. ಇಲಾಖೆಗೆ ಚೀಲ ಖರ್ಚಾಗಬೇಕಿತ್ತು. ಇವರು ಗುಂಡಿ ತೋಡಿಸುತ್ತಿದ್ದರು. ಮೇಲಿನವರು ಬೈದರು, ಬಡ್ತಿ ತಪ್ಪಿತು. ಊರಿನವರಾದರೂ ಕೇಳಿದರೋ ಎಂದರೆ, ಅವರು ಸಭೆಯಲ್ಲಿ ಎದ್ದು "ಬುಟ್ಟಿ..." ಎಂದ ಕೂಡಲೇ ಹಿಂದಿನ ಸಾಲಿನ ಹುಡುಗರು ನನ್ನ ಧಾಟಿಯಲ್ಲಿ "ಇಳಿಸೀ" ಎಂದು ರಾಗ ಎಳೆಯುತ್ತಿದ್ದರು. ಸಭೆ ನಗುತ್ತಿತ್ತು. ಹೂಳು ಎತ್ತಿ ಎನ್ನುವ ಅವರ ಹೊಸ ಮಾತು ಹಳೆಯ ಮಾತಿನ ಹಿಂದೆ ಸಿಕ್ಕಿಹಾಕಿಕೊಂಡು ಹೊರಗೆ ಬರಲೇ ಇಲ್ಲ. ಇದಕ್ಕೆಲ್ಲ ನಾನೇ ಕಾರಣ ಅಂತ ಅಪ್ಪನ ಅಭಿಪ್ರಾಯ. ಒಂದು ಊರು ಕೆಡಿಸುವಷ್ಟು ಯೋಗ್ಯತೆ ಮಗನಿಗಿದೆ ಅಂತ ಅವನು ನಂಬಿದ್ದು ಅದೊಂದೇ ಸಲ.

ಹೂಳಿನ ಮಾತು ಜನಕ್ಕೆ ರುಚಿಸದಿದ್ದಕ್ಕೆ ಬೇರೆ ಕಾರಣವೂ ಇತ್ತು. ನಮ್ಮೂರಿನವರಿಗೆ ಹೂಳು ಎಂದರೆ ಮಣ್ಣಲ್ಲ, ದಣಿ. ಬುಟ್ಟಿ ಎತ್ತಿದರೆ ಹಿಂದಿನ ಕಾಲ ಬಂತು ಅಂತಲೇ ಅರ್ಥ. ದಣಿ ಹೋದ ದಾರಿಯಲ್ಲೇ ಕೆರೆಯನ್ನೂ ಕಳಿಸಿಬಿಟ್ಟಿದ್ದರು. ಹಾಗೆ ಕಳಿಸಿ ಎಂದವರು ಸೇವಕರೇ.

ಆಮೇಲೆ ಅವರ ದನಿ ಒಡೆಯಿತು. ಮೊದಲು ನೆಗಡಿ ಎಂದರು. ಬೀಡಿ ಎಂದರು. ನಾನು ಒಡೆದ ದನಿಯನ್ನೂ ಒಂದೆರಡು ಕಡೆ ಮಾಡಿ ತೋರಿಸಿದೆ. ಒಂದು ಮಳೆಗಾಲ ಅವರು ಬರಲಿಲ್ಲ. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ ಗಂಟಲ ಗಂಟನ್ನು, ಗಂಟಿನ ಜೊತೆ ದನಿಯ ಪೆಟ್ಟಿಗೆಯನ್ನೂ ತೆಗೆದುಬಿಟ್ಟರು ಎಂದು ಸುದ್ದಿ ಬಂತು. ಉಸಿರು ಇನ್ನು ಕುತ್ತಿಗೆಯ ತೂತಿನಿಂದಲೇ ಅಂತೆ. ಬದುಕುವುದು ಎಷ್ಟು ದಿನವೋ ಡಾಕ್ಟರು ಹೇಳಲಿಲ್ಲ. ಕೇಳಲಿಕ್ಕೆ ಇವರಿಗೆ ದನಿ ಇರಲಿಲ್ಲ.

ಶಿವರಾತ್ರಿಗೆ ಮುಂಚೆ ಒಂದು ಬೆಳಿಗ್ಗೆ ಅವರು ನಮ್ಮ ಅಂಗಳದಲ್ಲಿ ನಿಂತಿದ್ದರು. ಕುತ್ತಿಗೆಗೆ ಒದ್ದೆ ಬಟ್ಟೆ. ಸೈಕಲ್ಲಿಲ್ಲ. ಅಷ್ಟು ನಿಶ್ಶಬ್ದವಾಗಿ ಅವರು ಯಾವತ್ತೂ ಬಂದವರಲ್ಲ; ನಾಯಿ ಕೂಡ ಗೊಂದಲಕ್ಕೆ ಬಿದ್ದು ಬೊಗಳಲಿಲ್ಲ. ತುಟಿ ಅಲ್ಲಾಡಿಸಿದರು. ಅಪ್ಪನಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಆ ಬಾಯಿಯನ್ನು ಅಷ್ಟು ವರ್ಷ ನೋಡಿದ್ದೆನಲ್ಲ, ದನಿ ಇಲ್ಲದಿದ್ದರೂ ಅಕ್ಷರ ಕಾಣುತ್ತಿತ್ತು.

'ನನ್ನ ದನಿ ನಿನ್ನ ಹತ್ರ ಇದೆ,' ಎಂದರು. 'ಸ್ವಲ್ಪ ದಿನಕ್ಕೆ ಕೊಡು.'

ನಾನು ಜೀವಮಾನದಲ್ಲಿ ತಕ್ಷಣ ಉತ್ತರ ಹೊಳೆಯದೆ ನಿಂತದ್ದು ಪರೀಕ್ಷೆಯ ಕೊಠಡಿ ಬಿಟ್ಟರೆ ಅಲ್ಲೇ.

ಅವರಿಗೆ ಬೇಕಾಗಿದ್ದದ್ದು ಇಷ್ಟೇ. ಏರಿಯ ಮೇಲೆ ನಿಂತು ಆಡಿದ ಮಾತನ್ನು ಏರಿಯ ಮೇಲೆಯೇ ನಿಂತು ವಾಪಸು ತೆಗೆದುಕೊಳ್ಳಬೇಕು. ಆ ಬೇಸಿಗೆಯಲ್ಲಿ ಕೆರೆಯ ಹೂಳು ಏಳಬೇಕು. ಇನ್ನೊಂದು ಬೇಸಿಗೆ ತಮಗಿದೆ ಎಂದು ಅವರು ಲೆಕ್ಕ ಹಿಡಿದಿರಲಿಲ್ಲ.

ಜನ ಸೇರಿದರು. ಸೇವಕರನ್ನು ನೋಡಲಿಕ್ಕೆ ಕೆಲವರು, ನನ್ನ ಆಟ ನೋಡಲಿಕ್ಕೆ ಉಳಿದವರು. ಅವರು ಎಡಗಡೆ ನಿಂತರು, ನಾನು ಬಲಗಡೆ. ಅವರು ತುಟಿ ಆಡಿಸಿದರು. ನಾನು ಹೊಟ್ಟೆಯಿಂದ ದನಿ ಎತ್ತಿ, ಮೂಗಿನಲ್ಲಿ ಕೂರಿಸಿ, ಬಿಟ್ಟೆ.

"ಅಮ್ಮಂದಿರೇ, ಅಣ್ಣಂದಿರೇ!"

ಏರಿ ನಕ್ಕಿತು. ಅಭ್ಯಾಸಬಲ. "ಇಳಿಸೀ" ಎಂದು ಯಾರೋ ಹಿಂದಿನಿಂದ ಎಳೆದರು. ಸೇವಕರು ನಗು ಮುಗಿಯುವ ತನಕ ಕಾದು, ಮತ್ತೆ ತುಟಿ ಆಡಿಸಿದರು. ನಾನು ಹೇಳಿದೆ:

"ಅವತ್ತು ಇಲ್ಲಿ ನಾನು ಹೇಳಿದ್ದು ತಪ್ಪು. ಚೀಲ ಉಪ್ಪಿದ್ದ ಹಾಗೆ. ನಾನು ನಿಮಗೆ ಊಟವೇ ಉಪ್ಪು ಅಂದೆ."

ನಗು ನಿಂತಿತು. ಇದು ನನ್ನ ಹಳೆಯ ಆಟದಲ್ಲಿ ಇಲ್ಲದ ಮಾತು ಎಂದು ಎಲ್ಲರಿಗೂ ಗೊತ್ತಾಯಿತು. ದನಿ ನನ್ನ ಕಡೆಯಿಂದ ಬಂದರೂ ಜನ ನೋಡುತ್ತಿದ್ದದ್ದು ಅವರನ್ನೇ. ಕೆರೆಯಲ್ಲಿ ಕೂತಿರುವುದು ನಮ್ಮದೇ ಗುಡ್ಡದ ಮಣ್ಣು, ನಮ್ಮದೇ ಮರದ ಎಲೆ, ನಮ್ಮದೇ ದನದ ಸಗಣಿ, ಮಳೆಗೆ ಕೊಚ್ಚಿ ಬಂದದ್ದು. ಅದನ್ನು ಗದ್ದೆಗೆ ಕರೆದುಕೊಂಡು ಹೋಗಿ ಎಂದೆವು. ಎಂದರು. ಎಂದೆ. ಯಾವುದು ಸರಿಯೋ.

ಚೌಡಮ್ಮ ಎದ್ದಳು. ನನ್ನನ್ನು ಬಿಟ್ಟು ನೇರ ಅವರ ಮುಖಕ್ಕೇ ಹೇಳಿದಳು.

"ಸೇವಕ್ರೆ, ನಿಮ್ಮ ಮಾತು ಕೇಂಡು ಸಿಂಬಿ ಬಿಸಾಕಿದೋಳು ನಾನು. ಅವತ್ತು ಹಗುರಾದ ತಲೆ ಇದು. ಈಗ ಮತ್ತೆ ಹೊರು ಅಂತ್ರಲ್ಲ, ಆಯ್ತು, ಹೊರಾನ. ಮೊದಲ್ನೇ ಬುಟ್ಟಿ ಯಾರ ಗದ್ದೆಗೆ?"

ಸೇವಕರ ಕುತ್ತಿಗೆಯ ಬಟ್ಟೆ ಒಳಗೆ ಹೊರಗೆ ಆಡುತ್ತಿತ್ತು. ಅವರ ತುಟಿ ಅಲ್ಲಾಡಿತು, ನನಗೆ ಓದಲಾಗಲಿಲ್ಲ. ಏನಾದರೂ ಹೇಳಿಬಿಡೋಣ ಎಂದು ನಾಲಗೆ ತುರಿಸಿತು. ಅಂಥ ಕಡೆ ತುಂಬಲಿಕ್ಕೆ ನನ್ನ ಬಳಿ ಮಾತಿಗೆ ಬರವೇ ಇಲ್ಲ. ಆದರೆ ಚೌಡಮ್ಮ ನನ್ನನ್ನು ಕೇಳಿರಲಿಲ್ಲ. ನಾನು ಅವರ ಕಡೆ ತಿರುಗಿ, ನನ್ನ ಸ್ವಂತ ದನಿಯಲ್ಲಿ, "ಇನ್ನೊಂದ್ಸಲ ಹೇಳಿ, ಗೊತ್ತಾಗಲಿಲ್ಲ," ಎಂದೆ. ಅವರು ನಿಧಾನಕ್ಕೆ, ಒಂದೊಂದೇ ಅಕ್ಷರ ಮಾಡಿ ಹೇಳಿದರು. ನಾನು ಅವರ ದನಿಯಲ್ಲಿ ಹೇಳಿದೆ.

"ಕೊನೇ ಗದ್ದೆಯಿಂದ ಶುರು. ನಿನ್ನದರಿಂದ."

"ಎಂತದು!" ಎಂದ ಮೇಲ್ಗದ್ದೆ ತಿಮ್ಮಣ್ಣ. ಕೆರೆಯ ಬುಡದಲ್ಲೇ ಇವನ ಗದ್ದೆ. "ಬಾಗ್ಲಲ್ಲಿ ಗದ್ದೆ ಇಟ್ಕಂಡು ನಾನು ಬಯಲು ತುದಿ ತನ್ಕ ಹೊರ್ಬೇಕಾ? ಮೊದ್ಲು ಹತ್ರದ್ದು ಮುಗೀಲಿ, ಆಮೇಲೆ ದೂರದ್ದು."

ಸೇವಕರು ತಲೆಯಾಡಿಸಿದರು. ನಾನು ಹೇಳಿದೆ: "ತಿಮ್ಮಣ್ಣ, ಹತ್ತಿರದವರದ್ದು ಮುಗಿದ ಮೇಲೆ ದೂರಕ್ಕೆ ಹೊರೋಕೆ ಯಾರೂ ಉಳಿಯಲ್ಲ. ಇಷ್ಟು ವರ್ಷ ಉಳಿದಿದ್ರಾ? ಮೈಯಲ್ಲಿ ಶಕ್ತಿ ಇರೋವಾಗ ದೂರದ್ದು ಮಾಡಿ. ಹತ್ತಿರದ್ದು ಸುಸ್ತಾದ ಮೇಲೂ ಆಗ್ತದೆ."

ತಿಮ್ಮಣ್ಣ ನನ್ನ ಕಡೆ ತಿರುಗಿದ. "ಈ ಮಾತು ಅವ್ರದ್ದೇ ಹೌದಾ," ಎಂದು ನನ್ನನ್ನು ಕೇಳಿದ, "ಅಲ್ಲ, ನೀ ಸೇರ್ಸಿದ್ದಾ?"

"ನನಗೆ ಇಷ್ಟು ಬುದ್ಧಿ ಇದ್ದಿದ್ರೆ ಪಾಸಾಗ್ತಿದ್ದೆ ತಿಮ್ಮಣ್ಣ."

ಅದಕ್ಕೆ ಜನ ನಕ್ಕರು. ಸೇವಕರೂ ನಕ್ಕರು, ಸದ್ದಿಲ್ಲದೆ, ಭುಜದಲ್ಲಿ.

ಎಲ್ಲ ಮನೆಯವರೂ ಬಂದರು ಎಂದು ಬರೆದರೆ ಸುಳ್ಳಾಗುತ್ತದೆ. ಕೆಲವರು ಬಂದರು, ಕೆಲವರು ಬಂದು ನೋಡಿ ಹೋದರು, ತಿಮ್ಮಣ್ಣ ಮೊದಲ ವಾರ ಏರಿಯ ಮೇಲೆ ಕೂತು ಎಲ್ಲರ ತಪ್ಪು ಹೇಳಿದ, ಆಮೇಲೆ ತಡೆಯಲಾರದೆ ಇಳಿದ. ಚೌಡಮ್ಮ ಹೊಸ ಸಿಂಬಿ ಸುತ್ತಿದಳು. ಅವಳ ಗದ್ದೆಗೆ ಮೊದಲ ಬುಟ್ಟಿ ಬಿದ್ದಾಗ ಅವಳು ಆ ಕಪ್ಪು ಗುಡ್ಡೆಯನ್ನು ಪಾದದಲ್ಲಿ ಹರಡಿ, ಹಿಂದೆ ಬಂದವನಿಗೆ ದಾರಿ ಬಿಟ್ಟಳು. ಸೇವಕರು ದೂಳಿಗೆ ಇಳಿಯುವ ಹಾಗಿರಲಿಲ್ಲ. ಹೊನ್ನೆ ಮರದ ಕೆಳಗೆ ಕೂತು, ದಾರಿಯಲ್ಲಿ ಉದುರಿದ ಹೆಂಟೆಗಳನ್ನು ಬೆರಳಲ್ಲಿ ಪುಡಿ ಮಾಡುತ್ತಾ ಇರುತ್ತಿದ್ದರು. ಪ್ರತಿಯೊಂದೂ ಪುಡಿಯಾಗುತ್ತಿತ್ತು. ಅವರಿಗೆ ಅದೇ ಬೇಕಿತ್ತು ಎಂದು ಕಾಣುತ್ತದೆ. ಯಾರಾದರೂ ಬುಟ್ಟಿ ಅರ್ಧ ತುಂಬಿದರೆ ಕೈ ಎತ್ತುತ್ತಿದ್ದರು. ಆಗ ನಾನು ಬೈಯಬೇಕು. ಒಮ್ಮೆ ಅಪ್ಪನನ್ನೂ ಅವರ ದನಿಯಲ್ಲಿ ಚೆನ್ನಾಗಿ ಬೈದೆ. ಅಪ್ಪ ಬುಟ್ಟಿ ಇಳಿಸಿ ಅವರ ಕಡೆ ನೋಡಿದ. ಅವರು ಕೈ ಎತ್ತಿಯೇ ಇರಲಿಲ್ಲ.

ಅರ್ಧ ಕೆರೆಯ ಹೂಳು ಎದ್ದಿತು. ಮೊದಲ ಮಳೆ ಬಿದ್ದ ಮೇಲೆ ನಾನು ಅವರನ್ನು ಸಾಗರದ ಕಡೆಯ ಅವರ ಮನೆಗೆ ಬಿಡಲಿಕ್ಕೆ ಹೋದೆ. ಅಂಗಳದ ಬೇಲಿಯ ತಡಮೆ ದಾಟುವಾಗ ಅವರು ನನ್ನ ತೋಳು ಹಿಡಿದು ತುಟಿ ಆಡಿಸಿದರು. ನಾನು ಯೋಚಿಸದೆ, ಅಷ್ಟು ದಿನದ ಅಭ್ಯಾಸದಲ್ಲಿ, ಅವರ ದನಿಯಲ್ಲಿ ಕೂಗಿದೆ: "ಏ, ಇವಳೇ, ಬಾಯಾರಿಕೆಗೆ ತಾ!"

"ಬಂದಿ, ಬಂದಿ," ಎಂದು ಒಳಗಿನಿಂದ ಕೂಡಲೇ ಉತ್ತರ ಬಂತು. ಲೋಟ ತೆಗೆದ ಸದ್ದು. ಓಡಿದ ಹೆಜ್ಜೆ. ಬಾಗಿಲಿಗೆ ಬಂದ ಅವರ ಹೆಂಡತಿ ಮೊದಲು ಗಂಡನನ್ನು ನೋಡಿದರು. ಆಮೇಲೆ ನನ್ನನ್ನು. ಲೋಟ ಕೈಯಲ್ಲೇ ಇತ್ತು.

ಅದನ್ನು ಅವರಿಗೆ ಕೊಡಲಿಲ್ಲ, ನನಗೆ ಕೊಟ್ಟರು. ನಾನು ಕುಡಿದು ಮುಗಿಸುವ ತನಕ ನಿಂತಿದ್ದು, "ಇಲ್ಲಿ ಆ ದನಿಲಿ ಮಾತಾಡಡ, ತಮಾ," ಎಂದರು. ಸಿಟ್ಟಿಲ್ಲ. ಬೇಡ ಎಂದಷ್ಟೇ. ಸೇವಕರು ಹೆಂಡತಿಯನ್ನೇ ನೋಡುತ್ತಿದ್ದರು. ತುಟಿ ಆಡಿಸಲಿಲ್ಲ.

ಆ ಮಳೆಗಾಲ ಮುಗಿಯುವ ಮೊದಲೇ ಅವರು ಹೋದರು. ಚೌಡಮ್ಮನ ಗದ್ದೆ ಆಗ ಹೊಡೆಗೆ ಬಂದಿತ್ತು, ತೆನೆ ಹೊರಡುವುದೊಂದು ಬಾಕಿ. ಬೆಳೆ ಹೇಗಾಯಿತು ಎಂದು ಕೇಳುವವರಿಗೆ ನಾನು ಹೇಳುವುದು, ಅವಳ ಮಣ್ಣು ಹಿಡಿದರೆ ಮುಷ್ಟಿಯಾಗುತ್ತಿತ್ತು, ಬಿಟ್ಟರೆ ಉದುರುತ್ತಿತ್ತು. ಅದು ಅವರಿಗೆ ಗೊತ್ತಾಗಿತ್ತೇ, ನಾನು ಹೇಳಲಾರೆ. ನಾನು ಹೋಗಿ ಹೇಳಬೇಕು ಎಂದುಕೊಂಡಿದ್ದೆ. ಯಾವ ದನಿಯಲ್ಲಿ ಹೇಳುವುದು ಎಂದು ತಿಳಿಯದೆ ತಡಮಾಡಿದೆ.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ಜನ ಮತ್ತೆ ಏರಿಗೆ ಬಂದರು. ಯಾರೂ ಕರೆದಿರಲಿಲ್ಲ, ಹಾಗಾಗಿ ಯಾರು ಮೊದಲು ಮಾತಾಡಬೇಕೋ ಗೊತ್ತಿರಲಿಲ್ಲ. ತಿಮ್ಮಣ್ಣನೇ ಶುರು ಮಾಡಿದ. "ಹೋದ್ವರ್ಷ ಕೆಳಗಿಂದ ಆಯ್ತಲ್ಲ, ಈ ಸಲ ನಮ್ಮ ಬದಿಯಿಂದ ಆಗ್ಲಿ. ನಮ್ಮದ್ರಲ್ಲೂ ಮಣ್ಣು ಸತ್ತದೆ." ತುದಿಯವರು ಗೊಣಗಿದರು. ಮಾತು ಏರಿತು. ಇನ್ನೇನು ಎಲ್ಲರೂ ಮನೆಗೆ ಹೊರಡುತ್ತಾರೆ ಎನ್ನುವಾಗ ಯಾರೋ ನನ್ನ ಬೆನ್ನು ತಟ್ಟಿದರು. "ಸೇವಕ್ರನ್ನ ಕರಿಯಾ ಮಾರಾಯ. ಅವ್ರೇ ಹೇಳ್ಲಿ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಉಸಿರು ಎಳೆದುಕೊಂಡೆ. ಹೊಟ್ಟೆಯಿಂದ ಎತ್ತಬೇಕು, ಮೂಗಿನಲ್ಲಿ ಕೂರಿಸಬೇಕು.

"ತಡಿ," ಎಂದಳು ಚೌಡಮ್ಮ. "ಸತ್ತೋರ್ನ ಇನ್ನೂ ಎಷ್ಟು ದುಡಿಸ್ತೀ? ಅವ್ರು ಹೇಳಿದ್ದು ಹೇಳಿ ಆಯ್ತು."

ಅವಳು ತಿಮ್ಮಣ್ಣನ ಎದುರು ಹೋಗಿ ನಿಂತಳು.

"ಆಯ್ತು ತಿಮ್ಮಣ್ಣ. ಈ ಸಲ ನಿನ್ನ ಬದಿಯಿಂದ. ನಿನ್ನ ಗದ್ದೆಗೆ ಮೊದಲ್ನೇ ಬುಟ್ಟಿ ನಾನೇ ಹಾಕ್ತೀನಿ. ಆದ್ರೆ ಕೊನೇ ಗದ್ದೆಗೆ ಮಣ್ಣು ಬೀಳೋ ತನ್ಕ ನೀನೂ ಮನೆಗೆ ಹೋಗೋ ಹಾಂಗಿಲ್ಲ."

ತಿಮ್ಮಣ್ಣ ಅವಳನ್ನು ನೋಡಿದ. ನೆಲ ನೋಡಿದ. ಪಂಚೆ ಎತ್ತಿ ಕಟ್ಟಿದ.

"ಅರ್ಧ ಬುಟ್ಟಿ ಹಾಕ್ಬೇಡ ಮತ್ತೆ," ಎಂದ.

"ನಿನ್ನ ಹಾಂಗಲ್ಲ ನಾನು," ಎಂದು ಚೌಡಮ್ಮ ಕೆರೆಗೆ ಇಳಿದಳು. ಅವಳ ಹಿಂದೆ ತಿಮ್ಮಣ್ಣ ಇಳಿದ, ಅಪ್ಪ ಇಳಿದ. ನಾನು ಎಳೆದುಕೊಂಡಿದ್ದ ಉಸಿರನ್ನು ಹಾಗೇ ಬಿಟ್ಟು, ಹಾರೆ ಹುಡುಕಿದೆ.